ಗೋಡೆಯಾಚೆ ಹೋದ ಹುಳಗಳು

ಗುತ್ತಲಿನಲ್ಲಿ ಬೆಟ್ಟಮ್ಮನ ಹಸು ಗಬ್ಬವಾಯಿತೆಂದರೆ ಅಕ್ಕಪಕ್ಕದ ಮನೆಯವರು ಬೆಲ್ಲ ತಂದಿಟ್ಟುಕೊಳ್ಳುತ್ತಾರೆ. ಕರು ಹಾಕಿದ ಮೇಲೆ ಗಿಣ್ಣುಹಾಲು ಬರುತ್ತದಲ್ಲ, ಅದಕ್ಕೆ. ಆ ಹಾಲನ್ನು ಬೆಟ್ಟಮ್ಮ ಮಾರುವವಳಲ್ಲ. ಯಾರ ಮನೆಯಿಂದ ಹಸುವಿಗೆ ಕಲಗಚ್ಚು ಬರುತ್ತದೋ ಅವರ ಮನೆಗೇ ಗಿಣ್ಣು ಹೋಗುತ್ತದೆ. ಅಕ್ಕಿ ತೊಳೆದ ನೀರು, ಸೋರೆಕಾಯಿ ಸಿಪ್ಪೆ, ಮಿಕ್ಕ ಅನ್ನ, ಎಲ್ಲ ಸೇರಿ ಒಂದು ಬಕೆಟ್ಟು. ಅದು ಹಿತ್ತಿಲ ಗೋಡೆಯ ಮೇಲೆ ಕೂರುತ್ತದೆ. ಬೆಟ್ಟಮ್ಮ ಆಚೆಯಿಂದ ಬಕೆಟ್ಟು ಎತ್ತಿಕೊಂಡು, ಬೀದಿಯ ಸುದ್ದಿಯನ್ನೆಲ್ಲ ಈಚೆಗೆ ದಾಟಿಸುತ್ತಾಳೆ. ಈಚೆ ಮನೆಯ ಅಂಕಮ್ಮನಿಗೆ ಗಿಣ್ಣೂ ಬೇಕು, ಸುದ್ದಿಯೂ ಬೇಕು. ಎರಡರಲ್ಲಿ ಯಾವುದು ಹೆಚ್ಚೆಂದು ಅವಳೂ ಯೋಚಿಸಿದವಳಲ್ಲ.

ಹಸು ಕೆಂಪಿಗೆ ದಿನ ತುಂಬುತ್ತಿರುವಾಗಲೇ ಅಂಕಮ್ಮನ ಸೊಸೆ ಕವಿತ ಮದ್ದೂರಿನಲ್ಲಿ ಯಾವುದೋ ತರಬೇತಿಗೆ ಹೋಗಿ, ತೊಡೆಯ ಮೇಲೆ ಡಬ್ಬಿಯಿಟ್ಟುಕೊಂಡು ಬಸ್ಸಿನಲ್ಲಿ ಬಂದಳು. ಡಬ್ಬಿಯೊಳಗೆ ಎರೆಹುಳ.

"ಅಡುಗೆಮನೆ ಕಸ ಎಲ್ಲ ಇವು ತಿಂದು ಗೊಬ್ಬರ ಮಾಡ್ತವೆ ಅತ್ತೆ," ಅಂದಳು.

"ನಮ್ಮನೇಲಿ ಕಸ ಎಲ್ಲದವ್ವ? ಇರದೆಲ್ಲ ಬೆಟ್ಟಮ್ಮನ ಅಸೂಗೆ."

ಸೊಸೆ ನಕ್ಕಳು. ಗೋಡೆಯ ಪಕ್ಕಕ್ಕೆ ಒಂದು ನೀಲಿ ಡ್ರಮ್ಮು ಬಂತು. ಬಕೆಟ್ಟಿನದೆಲ್ಲ ಡ್ರಮ್ಮಿಗೆ ಹೋಯಿತು.

ಬೆಟ್ಟಮ್ಮ ಗೋಡೆಯ ಮೇಲೆ ತಲೆಯೆತ್ತಿ ನೋಡಿದಳು. "ಅಂಕಮ್ಮಕ್ಕ, ಉಸಾರಿಲ್ವಾ? ಒಲೆ ಅಚ್ಚನಿಲ್ವಾ?"

"ಅಚ್ಚಿದ್ದೆ ಕಣಮ್ಮಿ. ಸೊಸೆ ಉಳ ಸಾಕವಳೆ."

"ಉಳವಾ?"

"ಉಳ."

ಬೆಟ್ಟಮ್ಮ ಡ್ರಮ್ಮಿನ ಕಡೆ ಕತ್ತು ಚಾಚಿದಳು. "ಒತ್ತಿಗೆ ಎಷ್ಟು ಆಲು ಕರೀತವಂತೆ?"

ಅಲ್ಲಿಂದ ಮಾತು ನಿಂತಿತು. ಅಂದರೆ ಅಂಕಮ್ಮನ ಜೊತೆಗೆ ನಿಂತಿತು. ಹಸುವಿನ ಜೊತೆ ಜಾಸ್ತಿಯೇ ಆಯಿತು, ಅದೂ ಗೋಡೆ ದಾಟುವಷ್ಟು ಗಟ್ಟಿಯಾಗಿ. "ಒಣಗಿದ್ದೇ ತಿನ್ನು ಕೆಂಪಿ. ನೀನೇನು ಮದ್ದೂರಿಂದ ಬಸ್ಸಲ್ಲಿ ಬಂದೋಳಾ?"

ಅಂಕಮ್ಮ ಬೆಲ್ಲದ ಡಬ್ಬಿ ತೆಗೆದು ನೋಡುವಳು, ಮುಚ್ಚುವಳು. ಈ ಸಲ ಗಿಣ್ಣು ಈ ಮನೆಗೆ ಬರುವುದಿಲ್ಲವೆಂಬುದು ಅವಳಿಗೆ ಖಾತ್ರಿಯಾಗಿತ್ತು.

ಒಂದು ಭಾನುವಾರ ಕವಿತ ಮಳವಳ್ಳಿಯ ತವರಿಗೆ ಹೋಗಿದ್ದಳು. ಮಗ ಕುರಿ ಬಾಡು ತಂದುಕೊಟ್ಟು ಹೊರಗೆ ಹೋದ. ಅಂಕಮ್ಮ ಸಾರು ಮಾಡಿ, ಮುದ್ದೆ ಕಟ್ಟಿ, ಹಿತ್ತಿಲ ಬಾಗಿಲಲ್ಲಿ ತಟ್ಟೆಯಿಟ್ಟುಕೊಂಡು ಕೂತಳು. ಎದುರಿಗೆ ಡ್ರಮ್ಮು. ತುತ್ತು ಇಳಿಯಲಿಲ್ಲ. ಬಾಡು ಬೇಯಿಸಿ, ವಾಸನೆ ಕುಡಿದು ಕೂತ ಜೀವಕ್ಕೆ ಕೊಡದೆ ತಿಂದರೆ ಹೊಟ್ಟೆ ಹಿಡಿದುಕೊಳ್ಳುತ್ತದೆಂದು ಅವಳ ಅವ್ವ ಹೇಳುತ್ತಿದ್ದಳು. ಹುಳಕ್ಕೆ ಕಣ್ಣಿಲ್ಲ ಎಂದು ಸೊಸೆ ಹೇಳಿದ್ದುಂಟು. ಆದರೆ ವಾಸನೆಗೆ ಕಣ್ಣೇಕೆ?

ಎದ್ದು ಒಂದು ಮುದ್ದೆ ತೆಗೆದುಕೊಂಡಳು. ನಡುವೆ ಗುಳಿ ಮಾಡಿ ಸಾರು ಬಿಟ್ಟಳು, ಬಿಸಿ ಆರುವವರೆಗೆ ಕಾದಳು, ಒಂದು ನಲ್ಲಿಮೂಳೆ ಸಮೇತ ಡ್ರಮ್ಮಿನೊಳಗೆ ಇಟ್ಟಳು. ಆಮೇಲೆ ನೆಮ್ಮದಿಯಾಗಿ ಉಂಡಳು.

ಮಾರನೆಯ ಬೆಳಿಗ್ಗೆ ಊರಿಂದ ಬಂದ ಕವಿತ ಮುಚ್ಚಳ ತೆಗೆದರೆ ಮುದ್ದೆ ಇಟ್ಟ ಹಾಗೇ ಇದೆ, ಹುಳ ಒಂದೂ ಇಲ್ಲ. ರಾತ್ರಿ ಮಳೆ ಬಿದ್ದು ನೆಲ ಒದ್ದೆಯಾಗಿತ್ತು. ಡ್ರಮ್ಮಿನ ತಳದ ತೂತಿನಿಂದ ಹೊರಬಂದ ಕೊನೆಯ ನಾಲ್ಕಾರು ಹುಳಗಳು ಗೋಡೆಯ ಬುಡದಲ್ಲಿ ನೀರು ಹೋಗುವ ಕಂಡಿಯ ಕಡೆಗೆ, ಏನೂ ಅವಸರವಿಲ್ಲದೆ ಹೋಗುತ್ತಿದ್ದವು. ಕಂಡಿಯ ಆಚೆಗೆ ಬೆಟ್ಟಮ್ಮನ ತಿಪ್ಪೆ.

"ಅತ್ತೆ, ಇದಕ್ಕೆ ಉಪ್ಪು ಖಾರ ಹಾಕಿದ್ರಾ?"

"ಉಪ್ಪು ಖಾರ ಇಲ್ದೆ ಬಾಡು ಎಂಗಮ್ಮಿ ಮಾಡದು?"

"ಉಪ್ಪು ಅವುಕ್ಕೆ ಉರಿ ಅತ್ತೆ. ಹುಳ ಬೇಡ ಅಂತ ಹಿಂಗೆ ಮಾಡಿದ್ರಾ?"

ಅಂಕಮ್ಮನಿಗೆ ನಿಜಕ್ಕೂ ಬೇಜಾರಾಯಿತು. "ಬೇಡ್ದೋರಿಗೆ ಯಾರಾರ ನಲ್ಲಿಮೂಳೆ ಕೊಟ್ಟಾರಾ?"

ಕವಿತ ಡ್ರಮ್ಮಿನ ಮುಚ್ಚಳ ಹಾಕಿದಳು. ಅತ್ತೆ ಸೊಸೆ ಇಬ್ಬರೂ ಸೆರಗು, ದುಪಟ್ಟ ಸರಿಮಾಡಿಕೊಂಡು ಪಕ್ಕದ ಮನೆಗೆ ಹೋದರು. ಬೆಟ್ಟಮ್ಮ ಸಗಣಿ ಬಾಚುತ್ತಿದ್ದಳು, ತಲೆಯೆತ್ತಲಿಲ್ಲ.

"ಬೆಟ್ಟಮ್ಮ, ನಮ್ಮುಳ ಏನಾರ ಈ ಕಡೆ ಬಂದವಾ?"

"ನಾನೇನು ಕರ್ದಿಲ್ಲ ಕಣಕ್ಕ. ಬೇಕಾರೆ ಕೆಂಪೀನೆ ಕೇಳು."

ಕವಿತ ಒಂದು ಕಡ್ಡಿಯಿಂದ ತಿಪ್ಪೆಯ ಅಂಚನ್ನು ಕೆದಕಿದಳು. ಹಳೇ ಸಗಣಿಯ ತಂಪಿನಲ್ಲಿ ಎಲ್ಲವೂ ಇದ್ದವು, ಕೆಂಪಗೆ, ಒಂದರ ಮೇಲೊಂದು ಬಿದ್ದುಕೊಂಡು, ಹುಟ್ಟಿದ್ದೇ ಇಲ್ಲೇನೋ ಎನ್ನುವ ಹಾಗೆ.

ಬೆಟ್ಟಮ್ಮ ಬಗ್ಗಿ ನೋಡಿದಳು. "ಯಾಕೆ ಓಡ್ಬಂದವೆ? ಒಟ್ಟೆಗೆ ಆಕ್ನಿಲ್ವಾ?"

"ಬಾಡೂಟ ಆಕಿದ್ದೆ ಕಣಮ್ಮಿ," ಅಂದಳು ಅಂಕಮ್ಮ.

ಬೆಟ್ಟಮ್ಮ ಸಗಣಿ ಬುಟ್ಟಿಯನ್ನು ಕೆಳಗಿಟ್ಟಳು. "ಬಾಡೂಟ ಬುಟ್ಟು ನಮ್ ಕೆಂಪಿ ಸಗಣಿಗೆ ಬಂದವಾ?"

"ಬಂದವಲ್ಲ. ನೀನೇ ನೋಡ್ತಿದ್ದೀಯಲ್ಲ."

ಬೆಟ್ಟಮ್ಮ ಕೊಟ್ಟಿಗೆಯ ಕಡೆ ತಿರುಗಿದಳು. "ಕೇಳ್ಸ್ಕೊಂಡ್ಯಾ ಕೆಂಪಿ?"

ಕೆಂಪಿ ಕಿವಿ ಆಡಿಸಿತು. ಬೆಟ್ಟಮ್ಮ ಅಂಕಮ್ಮನಿಗೆ ಜಗಲಿ ತೋರಿಸಿ ಕೂತ್ಕೊ ಅಂದಳು.

"ಸಗಣಿ ಸಮೇತ ಒಂದು ಬುಟ್ಟಿ ಕೊಟ್ರೆ ಡ್ರಮ್ಮಿಗೆ ಹಾಕ್ಕೊತೀನಿ ಚಿಕ್ಕಮ್ಮ," ಎಂದಳು ಕವಿತ. "ಆಮೇಲೂ ಆಗಾಗ ಬೇಕಾಯ್ತದೆ."

"ಕೊಡಾನ ಬುಡು. ಆದ್ರೆ ಸಗಣಿ ಆಕಕೆ ಅಸ ತಿನ್ಬೇಕಲ್ಲಮ್ಮಿ?"

ಕವಿತ ತಿಪ್ಪೆಯನ್ನೊಮ್ಮೆ ನೋಡಿ ಹೂಂ ಅಂದಳು. ತೀರ್ಮಾನವಾಯಿತು. ಕೆಂಪಿ ತಿನ್ನುವುದೆಲ್ಲ ಕೆಂಪಿಗೆ. ಅದು ಮೂಸಿ ಬಿಡುವ ಟೀ ಚರಟ, ಮೊಟ್ಟೆ ಸಿಪ್ಪೆ, ಕೊಳೆತ ಸೊಪ್ಪು, ಜೊತೆಗೆ ವಾರಕ್ಕೊಂದು ಬುಟ್ಟಿ ಸಗಣಿ ಹುಳಕ್ಕೆ. ಅಂಕಮ್ಮ ಹುಳಕ್ಕೆ ಏನೂ ಹಾಕಕೂಡದು. ಇದೊಂದನ್ನು ಮಾತ್ರ ಕವಿತ ಎರಡು ಸಲ ಹೇಳಿದಳು.

ಸಂಜೆಗೆ ಬಕೆಟ್ಟು ಗೋಡೆಯ ಮೇಲೆ ಕೂತಿತ್ತು. ಆಚೆಯಿಂದ ಸುದ್ದಿ ಶುರುವಾಯಿತು. ಬಹಳ ಬಾಕಿಯಿತ್ತು, ಬಾಬು ಜಾನನ ಗ್ಯಾರೇಜಿನಿಂದ ಹಿಡಿದು ಬಸರಾಳಿನ ಮದುವೆಯವರೆಗೆ. ಅಂಕಮ್ಮ ಒಲೆ ಮೇಲಿನ ಅನ್ನ ಸೀಯುವವರೆಗೆ ಕೇಳಿದಳು. ಸೀದ ಅನ್ನವನ್ನೂ ಬಕೆಟ್ಟಿಗೇ ಹಾಕಿದಳು.

ಕೆಂಪಿ ಹೆಣ್ಣುಗರು ಹಾಕಿತು. ಸ್ಟೀಲಿನ ಡಬ್ಬಿಯಲ್ಲಿ ಗಿಣ್ಣುಹಾಲು ಗೋಡೆ ದಾಟಿ ಬಂತು. ಅಂಕಮ್ಮ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ, ತುಂಡು ಮಾಡಿ, ತಟ್ಟೆ ಹಿಡಿದು ಹಿತ್ತಿಲ ಬಾಗಿಲಿಗೆ ಬಂದಳು. ಕವಿತ ಆಗಲೇ ಕುರ್ಚಿ ತಂದು ಬಾಗಿಲಿಗೆ ಅಡ್ಡ ಹಾಕಿಕೊಂಡು ಕೂತಿದ್ದಳು.

"ಅತ್ತೆ."

"ನಾನೇನು ಮಾಡ್ದೆ? ಸುಮ್ನೆ ನಿಂತಿವ್ನಿ."

"ಅವುಕ್ಕೆ ಕಣ್ಣಿಲ್ಲ ಅತ್ತೆ."

"ಗೊತ್ತು ಬುಡವ್ವ."

ಅಂಕಮ್ಮ ಅಲ್ಲೇ ನೆಲದ ಮೇಲೆ ಕೂತಳು. ಡ್ರಮ್ಮಿಗೆ ಬೆನ್ನು ಮಾಡಿ, ತಟ್ಟೆಗೆ ಸೆರಗು ಮರೆಮಾಡಿಕೊಂಡು ತಿಂದಳು.