ನೆಲಮಾಳಿಗೆಯ ಪಡುವಣ ಗೋಡೆ

ನಮ್ಮತ್ತೆ ದಾನವ್ವ ಮಗ್ಗಕ್ಕೆ ಕೂರುವ ಮೊದಲು ದಿನವೂ ನೆಲಮಾಳಿಗೆಯ ಪಡುವಣ ಗೋಡೆಗೆ ಅಂಗೈ ಒತ್ತಿ ಒಂದು ಗಳಿಗೆ ನಿಲ್ಲುತ್ತಿದ್ದರು. ಆಮೇಲೆ ಆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮಗ್ಗದ ಕುಣಿಗೆ ಕಾಲು ಇಳಿಬಿಡುತ್ತಿದ್ದರು. ಮೆಟ್ಟಿಲಿಳಿದ ಆಯಾಸಕ್ಕೆ ಗೋಡೆ ಹಿಡಿಯುತ್ತಾರೆಂದು ನಾನು ತಿಳಿದಿದ್ದೆ. ಮದುವೆಯಾಗಿ ಬಂದು ಆರು ವರ್ಷವಾಗಿದ್ದರೂ ಕೇಳಿರಲಿಲ್ಲ. ಗೊತ್ತಿದೆ ಎಂದುಕೊಂಡದ್ದನ್ನು ಯಾರು ಕೇಳುತ್ತಾರೆ?

ಗೋಡೆಯ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಕಡಿಮೆಯೇ. ನನ್ನಪ್ಪ ನೇಕಾರರ ಮನೆಯಲ್ಲಿ ಹುಟ್ಟಿದರೂ ಮಗ್ಗ ಬಿಟ್ಟು ಕರಣೆ ಹಿಡಿದು, ಊರಿಗೇ ಹೆಸರಾದ ಗೌಂಡಿಯಾದವನು. ಅವನ ಹಿಂದೆ ಗಾರೆ ಕಲಸುತ್ತ ಬೆಳೆದವಳು ನಾನು. ಹಾಸು ಯಾವುದು, ಹೊಕ್ಕು ಯಾವುದು ಎಂದು ತಿಳಿಯದವಳನ್ನು ತಂದು ಮಗ್ಗದ ಮನೆಗೆ ಕೊಟ್ಟಿದ್ದರು.

ಆ ನೆಲಮಾಳಿಗೆಯನ್ನು ಕಂಡರೆ ನನಗಾಗುತ್ತಿರಲಿಲ್ಲ. ಪಡುವಣ ಗೋಡೆಯ ಕಲ್ಲು ವರ್ಷವಿಡೀ ಬೆವರುತ್ತಿತ್ತು. ಮಗ್ಗದ ಆಚೆಗೆ ಒಡಕು ಕೊಡ, ಮುರಿದ ತೊಟ್ಟಿಲು, ಯಾವ ಕಾಲದ್ದೋ ರಾಟೆ. ಬೀದಿಯ ಮಟ್ಟಕ್ಕಿದ್ದ ಕಿಂಡಿಯಲ್ಲಿ ಹೋಗಿಬರುವವರ ಹಿಮ್ಮಡಿ ಮಾತ್ರ ಕಾಣುತ್ತಿತ್ತು. ಆ ವರ್ಷ ಅತ್ತೆಯ ಮಂಡಿ ಊದಿಕೊಂಡು, ಥಂಡಿಯಲ್ಲಿ ಕೂರಬೇಡಿ ಎಂದು ಡಾಕ್ಟರು ಹೇಳಿದ್ದೇ ತಡ, ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತೆ. ಅವ್ವನನ್ನು ಒಂದು ಮಾತು ಕೇಳು ಎಂದ ನನ್ನ ಗಂಡ ಮುರಿಗೆಪ್ಪ. ಕೇಳಿದೆ. "ನಿನಗ ತಿಳದಂಗ ಮಾಡವ್ವ" ಎಂದ ಅತ್ತೆ ಇನ್ನೇನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನಾನು ಅಳತೆಯ ಟೇಪು ಹಿಡಿದು ಕೆಳಗಿಳಿದಾಗಿತ್ತು.

ಒಂದು ತಿಂಗಳು ದುಡಿದೆ. ಮಗ್ಗಕ್ಕೆ ತಾಡಪಾಲು ಹೊದಿಸಿ, ಕಿಂಡಿಯನ್ನು ಅಗಲಿಸಿ ಗಾಜಿನ ಕಿಟಕಿ ಕೂರಿಸಿದೆ. ಮೆಟ್ಟಿಲಿಗೆ ಹಿಡಿಕೆ, ನೆಲಕ್ಕೆ ಟೈಲ್ಸು. ನಾಲ್ಕೂ ಗೋಡೆಗೆ ನೀರು ತಡೆಯುವ ಪುಡಿ ಕಲಸಿದ ಸಿಮೆಂಟಿನ ಗಿಲಾವು, ಅದರ ಮೇಲೆ ಹಾಲಿನಂಥ ಬಿಳಿ ಬಣ್ಣ. ಅಪ್ಪ ಬಂದು ತೂಗುಗುಂಡು ಇಳಿಬಿಟ್ಟು ನೋಡಿ, ಎಳ್ಳಷ್ಟೂ ತಪ್ಪಿಲ್ಲ ಎಂದ. ಅವನ ಬಾಯಿಂದ ಅಂಥ ಮಾತು ಬಂದದ್ದು ಅದೊಂದೇ ಸಲ. ಓಣಿಯ ಹೆಂಗಸರು ಚಪ್ಪಲಿ ಮೇಲೆ ಬಿಟ್ಟು, ದೇವರಮನೆಗೆ ಬರುವಂತೆ ಇಳಿದುಬಂದು ನೋಡಿ ಹೋದರು. ನನಗೆ ಕೋಡು ಮೂಡಿತ್ತು ಎಂದರೆ ಸುಳ್ಳಲ್ಲ.

ಅತ್ತೆ ಮಗ್ಗಕ್ಕೆ ಹೊಸ ಹಾಸು ಏರಿಸಿದರು. ಮೊದಲ ದಿನ ರೂಢಿಯಂತೆ ಪಡುವಣ ಗೋಡೆಗೆ ಕೈ ಒತ್ತಿ, ಅಂಗೈ ತಿರುಗಿಸಿ ನೋಡಿಕೊಂಡರು. ಸೆರಗಿಗೆ ಒರೆಸಿಕೊಳ್ಳಲಿಲ್ಲ. ನಾನದನ್ನು ಕಂಡೆ, ಲೆಕ್ಕಕ್ಕೆ ಹಿಡಿಯಲಿಲ್ಲ.

ಅಂದಿನಿಂದ ಮಗ್ಗದ ಸದ್ದು ಹತ್ತು ಸಲ ಹೊರಟರೆ ಹತ್ತು ಸಲ ನಿಲ್ಲತೊಡಗಿತು. ನೂಲು ಹರಿದು ತುಂಡಾಗುತ್ತಿತ್ತು. ಕೇಳಿದರೆ, "ವಯಸ್ಸಾತು, ಕೈ ಮಾತು ಕೇಳವಲ್ದು" ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಕೆಳಗಿಳಿದರೆ, ನನ್ನ ಬಿಳಿ ಗೋಡೆಯ ಉದ್ದಕ್ಕೂ ಹಗ್ಗ ಕಟ್ಟಿ ಒದ್ದೆ ಸೀರೆ ಹರವಿದ್ದಾರೆ! ಮೇಲೆ ಬಯಲು ಮಾಳಿಗೆಯಲ್ಲಿ ಸುಡುಬಿಸಿಲು. ನಾನು ಸಿಡಿಮಿಡಿಗೊಂಡು ಕೇಳಿದ್ದಕ್ಕೆ, ಮೆಟ್ಟಿಲು ಹತ್ತಲಾಗಲಿಲ್ಲ ಎಂದರು. ಸೀರೆಯನ್ನು ಮೇಲೊಯ್ದು ಹರವಿದೆ. ಮೂರು ದಿನ ಬೆಳಿಗ್ಗೆ ಅವರು ಹರವಿದರು, ಮೂರು ದಿನವೂ ಮಧ್ಯಾಹ್ನ ನಾನು ಒಯ್ದೆ. ನಾಲ್ಕನೆಯ ದಿನ ಹಗ್ಗ ಬರಿದಾಗಿತ್ತು.

ಆ ವಾರವೇ ಅವರು ಮಗನನ್ನು ಕರೆದು, ಮಗ್ಗ ಕೊಳ್ಳುವವರನ್ನು ಬರಹೇಳು ಎಂದರು. ಕೈ ಹೋದ ಮೇಲೆ ಮಗ್ಗ ಯಾತಕ್ಕೆ ಎಂಬುದು ಅವರ ಮಾತು. ಮಾವ ತೀರಿಕೊಂಡ ಮೇಲೆ ಮುರಿಗೆಪ್ಪನನ್ನು ಸಾಕಿ, ಓದಿಸಿದ್ದು ಅದೇ ಮಗ್ಗ. ಅತ್ತೆಗೆ ಮಗ್ಗ ತಪ್ಪಿದರೆ ಊಟ ಸೇರುವುದಿಲ್ಲವೆಂದು ನನಗೂ ಮುರಿಗೆಪ್ಪನಿಗೂ ಗೊತ್ತಿತ್ತು.

ಕೊಳ್ಳುವವನು ಬರುವ ದಿನ ಮಗ್ಗದ ಧೂಳು ಒರೆಸಲು ನಾನೇ ಇಳಿದೆ. ನೇಯ್ದು ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ಬೆರಳಾಡಿಸಿದೆ. ಮೊದಲಲ್ಲೆಲ್ಲ ಹರಿದ ನೂಲು ಕೂಡಿಸಿದ ಗಂಟು, ಗಂಟು. ಆಮೇಲೆ ಗೇಣುದ್ದ ಬಟ್ಟೆ ನೀಟು, ಒಂದು ಗಂಟಿಲ್ಲ. ಮತ್ತೆ ಗೇಣುದ್ದ ಗಂಟು, ಮತ್ತೆ ನೀಟು. ಹೀಗೆ ಮೂರು ಸಲ. ಬೆಳಿಗ್ಗೆ ಹರವಿದ ಸೀರೆ, ಮಧ್ಯಾಹ್ನ ನಾನು ಒಯ್ದ ಸೀರೆ! ಹಸಿಯಿದ್ದಾಗ ತಾಳಿದ ನೂಲು ಗಾಳಿ ಒಣಗಿದೊಡನೆ ಹರಿದಿತ್ತು. ಅವರು ಹಾಕಿದ ಗಂಟುಗಳೋ, ಸಾಸಿವೆಗಿಂತ ಸಣ್ಣವು. ಹೋದ ಕೈ ಹಾಕುವ ಗಂಟೇ ಅವು?

ಅತ್ತೆ ಮೆಟ್ಟಿಲ ಮೇಲೆ ನಿಂತಿದ್ದರು. "ಮೊದಲ ಹೇಳಬೇಕಿತ್ತಲ್ರಿ, ಅತ್ತಿ" ಎಂದೆ.

"ನನ್ನ ಮಂಡಿ ಸಲವಾಗಿ ತಿಂಗಳಪೂರ್ತಿ ಸಿಮೆಂಟ್ ಹೊತ್ತಿ. ಅಪ್ಪನ ಕಡೆಯಿಂದ ಶಭಾಷ್ ಅನಿಸಿಕೊಂಡಿ. ಅದು ತಪ್ಪಾತು ಅಂತ ಯಾವ ಬಾಯಿಲೆ ಹೇಳ್ಲಿ?"

ನನಗೆ ಅಳು ಬಂತು. ನಾಚಿಕೆಯಿಂದ ಬಂದದ್ದೆಷ್ಟೋ, ಪ್ರೀತಿಯಿಂದ ಬಂದದ್ದೆಷ್ಟೋ. ಆದರೆ ಅಳುತ್ತ ಕೂರುವ ಜಾಯಮಾನ ನನ್ನದಲ್ಲ. ಉಳಿ, ಸುತ್ತಿಗೆ ತಂದು, ಮಗ್ಗದ ಮೇಲೆ ಮತ್ತೆ ತಾಡಪಾಲು ಎಳೆದು, ಎಳ್ಳಷ್ಟೂ ತಪ್ಪಿಲ್ಲದ ನನ್ನ ಪಡುವಣ ಗೋಡೆಗೆ ಮೊದಲ ಏಟು ಹಾಕಿದೆ. ಅತ್ತೆ ಬೇಡ ಬೇಡ ಎಂದರು. ಗೋಡೆ ನನ್ನದು, ಸುಮ್ಮನಿರಿ ಎಂದೆ. ಹಸಿ ಬರುತ್ತಿದ್ದದ್ದು ಆ ಒಂದೇ ಗೋಡೆಯಿಂದ. ಉಳಿದ ಮೂರು ಬೆಚ್ಚಗಿರಲಿ, ಅತ್ತೆ ಕೂರುವಲ್ಲಿ, ಕಾಲಿಡುವಲ್ಲಿ ಮರದ ಹಲಗೆ ಹಾಕಿದರೆ ಮಂಡಿಗೂ ತೊಂದರೆಯಿಲ್ಲ ಎಂದು ಏಟಿನ ನಡುವೆಯೇ ಲೆಕ್ಕ ಹಾಕಿದೆ. ನನ್ನ ಕೆಲಸ ನನಗೆ ಬರುತ್ತಿತ್ತು. ಮಗ್ಗ ಕೊಳ್ಳುವವನು ಧೂಳಿನಲ್ಲಿ ಕೆಮ್ಮುತ್ತ ಬಂದಾಗ ಅತ್ತೆಯೇ, "ಮಗ್ಗ ಕೊಡಂಗಿಲ್ಲರಿ, ಚಾ ಕುಡದು ಹೋಗ್ರಿ" ಎಂದು ಅವನನ್ನು ಮೇಲಕ್ಕೆ ಕರೆದೊಯ್ದರು.

ನಾಲ್ಕನೆಯ ದಿನ ನಾನು ಕಲ್ಲಿನ ಸಂದಿಗೆ ಸುಣ್ಣದ ಗಾರೆ ತುಂಬುತ್ತಿದ್ದೆ. ಅತ್ತೆ ಹಿಡಿಕೆ ಹಿಡಿದು ಮೆಲ್ಲಗೆ ಇಳಿದುಬಂದರು. ಬರಿಗಲ್ಲಿನ ಗೋಡೆಗೆ ಅಂಗೈ ಒತ್ತಿ, ಕಣ್ಣುಮುಚ್ಚಿ, ಎಂದಿಗಿಂತ ಹೆಚ್ಚು ಹೊತ್ತು ನಿಂತರು. ಆಮೇಲೆ ಆ ಒದ್ದೆ ಕೈಯಿಂದ ನನ್ನ ಕೆನ್ನೆಯ ಸುಣ್ಣ ಒರೆಸಿ, ಕುಣಿಗೆ ಕಾಲು ಇಳಿಬಿಟ್ಟರು.