ಫೋಟೋದ ಅಂಚಿನ ಕೈ

ಅರಳಗುಪ್ಪೆಯ ಗಿರಿಜಾಂಬಿಕಾ ಹೈಕೋರ್ಟ್ ಜಡ್ಜ್ ಆಗುತ್ತಾಳಂತೆ ಅನ್ನುವ ಸುದ್ದಿ ತಿಪಟೂರು ಕೋರ್ಟಿಗೆ ಬಂದ ದಿನ, ಎಲ್ಲರಿಗಿಂತ ಮೊದಲು ಅವಳಿಗೆ ಫೋನ್ ಮಾಡಿದವನು ನಾನು. ತಡ ಮಾಡಿದರೆ ನನ್ನ ಹೊಟ್ಟೆಕಿಚ್ಚು ಯಾರಿಗಾದರೂ ಗೊತ್ತಾಗಿಬಿಡುತ್ತದೆ ಅನ್ನುವ ಭಯ.

ನಾವಿಬ್ಬರೂ ತುಮಕೂರಿನ ಸಂಜೆ ಕಾಲೇಜಿನಲ್ಲಿ ಒಟ್ಟಿಗೆ ಕಾನೂನು ಓದಿದವರು. ಹಗಲು ಅವಳು ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು, ನಾನು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತ. ಕ್ಲಾಸಿನಲ್ಲಿ ಅವಳು ಸುಮ್ಮನೆ ಕೇಳುತ್ತಾ ಕೂರುತ್ತಿದ್ದಳು. ನಾನು ಒಂದು ಮಾತೂ ಬಿಡದೆ ಬರೆದುಕೊಳ್ಳುತ್ತಿದ್ದೆ. ನನ್ನ ನೋಟ್ಸನ್ನೇ ಓದಿ ನನಗಿಂತ ಹದಿನಾಲ್ಕು ಅಂಕ ಹೆಚ್ಚು ತೆಗೆದಳು. ಇಪ್ಪತ್ತೆರಡು ವರ್ಷವಾದರೂ ಹದಿನಾಲ್ಕು ಅನ್ನುವುದು ಮರೆತಿಲ್ಲ. ಈಗ ಅವಳು ಬೆಂಗಳೂರಿನಲ್ಲಿ ಹೆಸರು ಮಾಡಿದ ವಕೀಲೆ. ನಾನು, ಶಿವಮೂರ್ತಿ, ಇಲ್ಲಿ ನೋಟರಿ.

ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂ ಅವಳ ಹೆಸರು ಕಳಿಸಿ ಏಳು ತಿಂಗಳಾದರೂ ಫೈಲು ಸರ್ಕಾರದ ಬಳಿಯೇ ಕೂತಿತ್ತು. ಅವಳು ವಿರೋಧ ಪಕ್ಷದವಳು ಅಂತ ಆಳುವ ಪಕ್ಷದವರು. ಯಾವ ಪಕ್ಷಕ್ಕೂ ಸೇರದವಳನ್ನು ಬೇಕೆಂದೇ ತಡೆದಿದ್ದಾರೆ ಅಂತ ವಿರೋಧ ಪಕ್ಷದವರು. ನಮ್ಮ ಕೋರ್ಟಿನ ಕ್ಯಾಂಟೀನಿನಲ್ಲೂ ವಕೀಲರು ಎರಡು ಮೇಜಾಗಿ ಒಡೆದರು. ನಾನು ಎರಡೂ ಮೇಜಿನಲ್ಲಿ ಕೂತು ಕಾಫಿ ಕುಡಿದೆ. ಫೈಲು ಕೂತಿದ್ದಷ್ಟು ದಿನ ಕಾಫಿ ರುಚಿಯಾಗಿಯೇ ಇತ್ತು.

ಒಂದು ಮಧ್ಯಾಹ್ನ ಗುಪ್ತಚರ ಇಲಾಖೆಯ ದುರ್ಗಯ್ಯ ಅನ್ನುವವರು ಮಫ್ತಿಯಲ್ಲಿ ನನ್ನ ಆಫೀಸಿಗೆ ಬಂದರು. ಅವಳ ಬಗ್ಗೆ ದೆಹಲಿಗೆ ವರದಿ ಹೋಗಬೇಕಿತ್ತಂತೆ.

"ಮನುಷ್ಯರು ಹೆಂಗೆ ಸಾರ್?"

"ತುಂಬಾ ಪ್ರಾಮಾಣಿಕಳು."

"ಪಾರ್ಟಿ ಗೀರ್ಟಿ?"

"ಯಾವುದರಲ್ಲೂ ಮೆಂಬರ್ ಅಲ್ಲ."

ಅವರು ಗೋಡೆ ಕಡೆ ನೋಡಿದರು. "ಮತ್ತೆ ಇದೇನು?"

ಹನ್ನೆರಡು ವರ್ಷದ ಹಿಂದಿನ ಫೋಟೋ. ಕೊಬ್ಬರಿಗೆ ಬೆಂಬಲ ಬೆಲೆ ಕೇಳಿ ನಡೆದ ಧರಣಿ. ಅರೆಸ್ಟಾಗಿದ್ದ ಬೆಳೆಗಾರರಿಗೆ ಜಾಮೀನು ಕೊಡಿಸಿದ ಗಿರಿಜಾ ಮೈಕಿನ ಮುಂದೆ ನಿಂತಿದ್ದಾಳೆ. ತಲೆಯಿಂದ ಹೆಗಲಿಗೆ ಇಳಿದ ಶಾಲು, ಈಗಿನ ವಿರೋಧ ಪಕ್ಷದ್ದು. ಅಂಚಿನಲ್ಲಿ ಶಾಲು ಸರಿಮಾಡುತ್ತಿರುವ ಒಂದು ಕೈ, ಬೆರಳಿಗೆ ತಾಮ್ರದ ಉಂಗುರ.

ಕೈ ನನ್ನದು. ಶಾಲೂ ನನ್ನದೇ. ಆಗ ಆ ಪಕ್ಷದ ತಾಲ್ಲೂಕು ಕಾರ್ಯದರ್ಶಿ ನಾನು. ಬಿಸಿಲಿಗೆ ಅವಳಿಗೆ ತಲೆ ಸುತ್ತು ಬಂದಿತ್ತು. ನನ್ನ ಕುತ್ತಿಗೆಯಲ್ಲಿದ್ದದ್ದನ್ನು ತೆಗೆದು ಅವಳ ತಲೆಗೆ ಹೊದಿಸಿದ್ದೆ. ಅವಳ ಜೊತೆ ನಾನೂ ಇದ್ದೆ ಅನ್ನುವುದಕ್ಕೆ ಉಳಿದ ಪುರಾವೆ ಇದೊಂದೇ, ಅದಕ್ಕೇ ಕಟ್ಟು ಹಾಕಿಸಿದ್ದು.

"ಧರಣೀದು" ಅಂದೆ. ಅಷ್ಟೇ ಅಂದೆ.

ಅವರು ಮೊಬೈಲ್ ತೆಗೆದು ಫೋಟೋ ಕಡೆ ಹಿಡಿದರು. ಗಾಜಿನ ಮೇಲೆ ಬಿಸಿಲು ಹೊಳೆಯುತ್ತಿತ್ತು. ಎದ್ದು ಕಿಟಕಿ ಮುಚ್ಚಿಕೊಟ್ಟವನು ನಾನೇ.

ತಿಂಗಳೊಳಗೆ ಸರ್ಕಾರ ಫೈಲು ವಾಪಸ್ ಕಳಿಸಿತು. ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡೆ. "ಏನ್ರೀ, ಯಾವ್ದಾದ್ರೂ ಕೇಸು ಗೆದ್ರಾ?" ಅಂದಳು ಹೆಂಡತಿ ಸುನಂದಾ.

ಮಾರನೆಯ ದಿನ ಗಿರಿಜಾ ಫೋನ್ ಮಾಡಿದಳು.

"ಮೂರ್ತಿ, ಒಂದು ಫೋಟೋ ತೋರ್ಸಿ ವಾಪಸ್ ಕಳ್ಸಿದ್ದಾರೆ ಕಣೋ."

"ಹೌದಾ?"

"ಆ ಉಂಗುರ ಈಗ್ಲೂ ಹಾಕ್ಕೊಳ್ತೀಯಾ?"

ಬೆರಳು ನೋಡಿಕೊಂಡೆ. ಇತ್ತು.

"ಶಾಲು ಯಾರ್ದು, ಯಾಕೆ ಹೊದಿಸಿದ್ದು ಅಂತ ಒಂದು ಅಫಿಡವಿಟ್ ಕೊಡು. ಗುರುವಾರ ಕೊಲಿಜಿಯಂ ಕೂರುತ್ತೆ, ಇನ್ನೊಂದ್ಸಲ ಕಳ್ಸಬಹುದು. ಆಗಲ್ಲ ಅಂದ್ರೆ ಅದನ್ನೂ ಹೇಳ್ಬುಡು."

ಬೈಯಲಿಲ್ಲ. ಬೈದಿದ್ದರೆ ಕೊಡುತ್ತಿರಲಿಲ್ಲವೇನೋ. ಅದರಲ್ಲೂ ಅವಳೇ ನನಗಿಂತ ಮೇಲಾದಳು.

ನನ್ನ ಅಫಿಡವಿಟ್ಟಿಗೆ ನಾನೇ ಸೀಲು ಹಾಕುವಂತಿಲ್ಲ. ತಿಪಟೂರಿನಲ್ಲಿ ಮಾಡಿಸಿದರೆ ಸಂಜೆಯೊಳಗೆ ಎರಡೂ ಮೇಜಿಗೆ ತಿಳಿಯುತ್ತದೆ. ಬುಧವಾರ ಬಸ್ಸು ಹತ್ತಿ ತುರುವೇಕೆರೆಯ ಹಿರಿಯ ನೋಟರಿ ತೋಂಟದಾರ್ಯರ ಹತ್ತಿರ ಹೋದೆ. ಆಳುವ ಪಕ್ಷದವರು, ಆದರೆ ಒಬ್ಬರ ಮಾತು ಇನ್ನೊಬ್ಬರಿಗೆ ಹೇಳುವವರಲ್ಲ. ಶಾಲಿನ ಕಥೆ, ಮಫ್ತಿಯವರು ಬಂದು ಕೇಳಿ ಹೋದದ್ದು, ಪೂರ್ತಿ ಓದಿದರು.

"ಇದು ಹೋದ್ರೆ ನಮ್ಮೋರಿಗೆ ಮುಖಭಂಗ ಅಲ್ವೇನಯ್ಯ?"

"ನೀವು ಸೀಲು ಹಾಕ್ದಿದ್ರೆ ಹೋಗಲ್ಲ ಸಾರ್."

ಹಾಕಬೇಡಿ ಅನ್ನುವ ಆಸೆ ನನ್ನ ದನಿಯಲ್ಲಿ ಕೇಳಿಸಿತೋ ಏನೋ, ಕನ್ನಡಕ ತೆಗೆದು ನನ್ನನ್ನು ನೋಡಿದರು. "ಆ ಮಫ್ತಿಯೋನು ಕೇಳ್ದಾಗ ಯಾಕೆ ಹೇಳ್ಲಿಲ್ಲ?"

ಹಾಳೆಯ ಕೊನೆಯಲ್ಲಿ, ದಿನಕ್ಕೆ ಹತ್ತು ಜನರಿಗೆ ನಾನೇ ಟೈಪ್ ಮಾಡಿಕೊಡುವ ಸಾಲಿತ್ತು: ಯಾವ ವಿಷಯವನ್ನೂ ಮರೆಮಾಚಿಲ್ಲ. ಪೆನ್ನು ತೆಗೆದು ಅದರ ಮೇಲೆ ಸೇರಿಸಿದೆ: ವಿಚಾರಣೆಯ ದಿನ ನಾನು ಇದನ್ನು ಹೇಳದಿದ್ದುದು ಹೊಟ್ಟೆಕಿಚ್ಚಿನಿಂದ.

"ಇದನ್ನ ಯಾರೂ ಕೇಳಿಲ್ಲ ಕಣಯ್ಯ. ಹೊಡೆದಾಕು."

"ಹೊಡೆದಾಕಿದ್ರೆ ಕೆಳಗಿನ ಸಾಲು ಸುಳ್ಳಾಗುತ್ತೆ ಸಾರ್."

ತಿದ್ದಿದ ಕಡೆ ನನ್ನಿಂದ ಸಹಿ ಹಾಕಿಸಿಕೊಂಡು ಸೀಲು ಒತ್ತಿದರು. "ಅದೃಷ್ಟವಂತೆ ಬುಡು ಆಯಮ್ಮ. ಹೊಟ್ಟೆ ಉರ್ಕೊಳ್ಳೋನೂ ಅವಳ ಪರವಾಗೇ ಬರ್ದುಕೊಡ್ತಾನೆ."

ಬಸ್ ಸ್ಟ್ಯಾಂಡಿನಲ್ಲಿ ನಿಂತು ಹಾಳೆಯ ಚಿತ್ರ ಅವಳ ಮೊಬೈಲಿಗೆ ಕಳಿಸಿದೆ. ತಿಪಟೂರು ಮುಟ್ಟುವ ಮೊದಲೇ ಉತ್ತರ ಬಂತು: "ಪೆನ್ನಲ್ಲಿ ಸೇರ್ಸಿರೋ ಸಾಲು ಬೇಕಿರ್ಲಿಲ್ಲ. ಆದ್ರೆ ನೀನು ಬರೆದ್ರೆ ಯಾವತ್ತೂ ಪೂರ್ತಿನೇ."

ಗುರುವಾರ ಅವಳ ಹೆಸರು ಮತ್ತೆ ಹೋಯಿತು. ಎರಡನೇ ಸಲ ಹೋದದ್ದನ್ನು ಸರ್ಕಾರ ಒಪ್ಪಲೇಬೇಕು ಅನ್ನುತ್ತದೆ ನಿಯಮ. ಕ್ಯಾಂಟೀನಿನ ಎರಡು ಮೇಜೂ ಕೂಗಾಡುತ್ತಿದ್ದವು. ನಾನು ಕಾಫಿ ಬಿಟ್ಟು ಆಫೀಸಿಗೆ ಬಂದು ಫೋಟೋ ಇಳಿಸಲು ಸ್ಟೂಲು ಹತ್ತಿದೆ.

ಹತ್ತಿದವನು ಗಾಜು ಒರೆಸಿ ಇಳಿದೆ, ಆ ಕೈ ಇರುವ ಅಂಚನ್ನು ಇನ್ನೊಂದಿಷ್ಟು ಚೆನ್ನಾಗಿ.