ಬೆಡ್‌ಶೀಟಿನ ಆಚೆ ತುದಿ

ಆಸ್ಪತ್ರೆಯ ಬೆಡ್‌ಶೀಟನ್ನು ಒಬ್ಬರೇ ಮಡಿಸಬಹುದೇ? ಧಾರಾಳವಾಗಿ ಮಡಿಸಬಹುದು, ಯಾರು ಬೇಡ ಅಂದರು? ಗೋಡೆಗೆ ಎರಡು ಮೊಳೆ ಹೊಡೆದು, ಒಂದು ತುದಿಯನ್ನು ಅವಕ್ಕೆ ಸಿಕ್ಕಿಸಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಎಳೆದರಾಯಿತು. ಆದರೆ ಮೊಳೆ ನಾಲ್ಕು ಹೆಜ್ಜೆ ಎದುರು ಬಂದು ತನ್ನ ತುದಿಯನ್ನು ನಿಮ್ಮ ಕೈಗೆ ಕೊಡುವುದಿಲ್ಲ. ರಾತ್ರಿ ನಿದ್ದೆ ಬಂತಾ ಎಂದು ಕೇಳುವುದೂ ಇಲ್ಲ. ಲಾಂಡ್ರಿಯ ದೊಡ್ಡಕ್ಕ ಹೀಗೆ ಮೂರು ವರ್ಷ ಮೊಳೆಯ ಜೊತೆ ಸಂಸಾರ ಮಾಡಿದ್ದಳು.

ಹೆಸರಿಗಷ್ಟೇ ದೊಡ್ಡಕ್ಕ, ಆಳು ಕುಳ್ಳಿ. ಇಪ್ಪತ್ತಾರು ವರ್ಷದಿಂದ ಅದೇ ಉದ್ದನೆಯ ಕೋಣೆಯಲ್ಲಿ, ಅದೇ ಒಣಗಿಸುವ ಯಂತ್ರದ ಬಿಸಿಗೆ ಮುಖವೊಡ್ಡಿ ನಿಂತವಳು. ಜೋಡಿಯಾಗಿ ಮಡಿಸುತ್ತಿದ್ದ ಗೆಳತಿ ಕೆಲಸ ಬಿಟ್ಟು ಮಗಳ ಮನೆ ಸೇರಿದ ಮೇಲೆ ಬೇರೆ ಯಾರೂ ಇವಳ ಬಾಯಿಗೆ ಹೆದರಿ ಹತ್ತಿರ ಬರಲಿಲ್ಲ. ಮನೆಗೆ ಹೋದರೂ ಅಷ್ಟೇ, ಟೀವಿಯೊಂದೇ ಮಾತಾಡುತ್ತಿತ್ತು. ಮಕ್ಕಳಿರಲಿಲ್ಲ. ಗಂಡ ಕುಡಿದು ಕುಡಿದೇ ಹೋಗಿ ಒಂಬತ್ತು ವರ್ಷವಾಗಿತ್ತು.

ಅಂಥವಳ ಎದುರಿಗೆ ಒಂದು ಬೆಳಿಗ್ಗೆ ಸೂಪರ್‌ವೈಸರ್ ಬಿದಿರುಗಳುವಿನಂಥ ಮನುಷ್ಯನೊಬ್ಬನನ್ನು ತಂದು ನಿಲ್ಲಿಸಿದ. ಲಾಂಡ್ರಿಯವರು ಅವನಿಗೆ ಅರ್ಧ ಗಂಟೆಯೊಳಗೆ ಲಂಬು ಎಂದು ನಾಮಕರಣ ಮಾಡಿ ಮುಗಿಸಿದ್ದರು.

"ಅಕ್ಕಾ, ಮೊದ್ಲೇ ಹೇಳಿಬಿಡ್ತೀನಿ," ಅಂದ ಲಂಬು. "ನಾನು ಕುಡೀತಿದ್ದೆ. ಕುಡಿತ ಬಿಡಿಸೋ ಕೇಂದ್ರದಲ್ಲಿದ್ದೆ. ಬಿಟ್ಟು ಇವತ್ತಿಗೆ ನಲವತ್ತು ದಿನ."

"ಕುಡುಕರು ನನಗೆ ಹೊಸಬರಲ್ಲ. ತುದಿ ಹಿಡ್ಕೋ."

ಅವನು ಹಿಡಿದ. ಅವನ ಕಡೆ ಆಕಾಶದಲ್ಲಿ, ಇವಳ ಕಡೆ ಪಾತಾಳದಲ್ಲಿ; ಬೆಡ್‌ಶೀಟು ಜಾರುಬಂಡೆಯ ಹಾಗೆ ಓರೆಯಾಗಿ ನಿಂತಿತು. ದೊಡ್ಡಕ್ಕನಿಗೆ ಎಷ್ಟೋ ದಿನದ ಮೇಲೆ ನಗು ಬಂತು. "ಸ್ವಲ್ಪ ಬಗ್ಗೋ ಪುಣ್ಯಾತ್ಮ! ನಾನೇನು ಏಣಿ ತರಲಾ?"

ಮರುದಿನದಿಂದ ಅವನು ಮೊದಲ ಬೆಡ್‌ಶೀಟು ಕೊಡವುವಾಗ ಒಂದೇ ಮಾತು ಹೇಳುವನು, "ನಲವತ್ತೊಂದು." ಆಮೇಲೆ, "ನಲವತ್ತೆರಡು." ದೊಡ್ಡಕ್ಕ "ಹೂಂ, ಎಳಿ" ಅನ್ನುವಳು. ಅಷ್ಟೇ ಅವರ ಪೂಜೆ. ಉಳಿದ ಹೊತ್ತೆಲ್ಲ ಹರಟೆ. ಮೊಣಕಾಲು ನೋವು, ಅವನ ಕೋಣೆಯ ಸೋರುವ ನಲ್ಲಿ, ಸೂಪರ್‌ವೈಸರನ ಹೊಸ ಹೇರ್‌ಡೈ, ಯಾವುದನ್ನೂ ಬಿಡಲಿಲ್ಲ. ಒಂದು ದಿನಕ್ಕೆ ನಾನೂರು ಬೆಡ್‌ಶೀಟು, ಅಂದರೆ ನಾನೂರು ಸಲ ಒಬ್ಬರೆದುರು ಒಬ್ಬರು ಬರುತ್ತಿದ್ದರು. ಎಷ್ಟು ಮನೆಗಳಲ್ಲಿ ಹಾಗೆ ಬರುತ್ತಾರೆ, ನೀವೇ ಹೇಳಿ.

ತೊಂಬತ್ತಮೂರನೆಯ ದಿನ ಲಂಬು ಮಡಿಸುವ ಜಾಗಕ್ಕೆ ತಡವಾಗಿ ಬಂದ. ಬೆಳಿಗ್ಗೆ ಅವನನ್ನು ಕೊಳೆಬಟ್ಟೆಯ ಗಂಟು ಬಿಚ್ಚಲು ಕಳಿಸಿದ್ದರು. ತುದಿ ಹಿಡಿಯಲು ಹತ್ತಿರ ಬಂದಾಗ ದೊಡ್ಡಕ್ಕನ ಮೂಗಿಗೆ ಆ ವಾಸನೆ ಬಡಿಯಿತು. ಆ ಮೂಗಿಗೆ ಇಪ್ಪತ್ತು ವರ್ಷದ ತಾಲೀಮಿತ್ತು. ಗಂಡ ಬಾಗಿಲು ತಟ್ಟುವ ಮೊದಲೇ ಎಷ್ಟು ಕುಡಿದಿದ್ದಾನೆಂದು ಹೇಳಬಲ್ಲ ಮೂಗು ಅದು.

ಅವಳು ಅವನ ಮುಖವನ್ನಾಗಲಿ ಕೈಯನ್ನಾಗಲಿ ನೋಡದೆ ತಿರುಗಿ, ಅವನಿಗೆ ಕೊಡಬೇಕಾದ ತುದಿಯನ್ನು ಒಯ್ದು ಮೊಳೆಗೆ ಸಿಕ್ಕಿಸಿದಳು.

"ಅಕ್ಕಾ, ತುದಿ ಕೊಡಿ."

"ನನಗೆ ಮೊಳೆ ಸಾಕು. ಅದು ಕುಡಿದು ಬರಲ್ಲ."

"ನಾನು ಕುಡಿದಿಲ್ಲ ಅಕ್ಕಾ, ಅದು ಆ ಬಟ್ಟೆಗಂಟಿನಲ್ಲಿ..."

"ಮುಚ್ಚು ಬಾಯಿ! ನನ್ನ ಗಂಡನೂ ದಿನಾ ಹೀಗೇ ಹೇಳ್ತಿದ್ದ."

ಲಂಬು ಚಾಚಿದ್ದ ಖಾಲಿ ಕೈಯನ್ನು ಹಿಂದಕ್ಕೆಳೆದುಕೊಂಡ. ಆಮೇಲೆ ಇಸ್ತ್ರಿ ಯಂತ್ರದ ಕಡೆಗೆ ಹೋದ. ಸಂಜೆ ಹೇಳದೆ ಮನೆಗೆ ಹೋದ. ಮರುದಿನ ಬರಲಿಲ್ಲ.

"ನೋಡಿದ್ರಾ, ನಾನು ಹೇಳಲಿಲ್ವಾ?" ಎಂದು ದೊಡ್ಡಕ್ಕ ಎಲ್ಲರಿಗೂ ಕೇಳುವ ಹಾಗೆ ಗೊಣಗಿದಳು. ಆಗ ಬಟ್ಟೆಯ ವ್ಯಾನಿನ ಡ್ರೈವರ್ ಒಳಗೆ ಬಂದು, "ಲಂಬು ಎಲ್ಲಿ? ಕೈ ಹೇಗಿದೆ ಅವನದು?" ಎಂದು ಕೇಳಿದ.

"ಕೈಗೇನಾಗಿತ್ತು?"

"ನಿನ್ನೆ ಆಪರೇಷನ್ ವಾರ್ಡಿನ ಗಂಟಲ್ಲಿ ಯಾರೋ ಸ್ಪಿರಿಟ್ ಬಾಟ್ಲಿ ಬಿಟ್ಟಿದ್ರು. ಬಿಚ್ಚೋವಾಗ ಒಡೆದು ಕೈ ಕೊಯ್ತು, ಅಂಗಿ ಎಲ್ಲಾ ನೆಂದುಹೋಯ್ತು. ಘಮಾ ಅಂತಿತ್ತು ಪಾಪ, ಮದುವೆ ಗಂಡಿನ ಹಾಗೆ."

ಡ್ರೈವರ್ ತನ್ನ ಜೋಕಿಗೆ ತಾನೇ ನಕ್ಕ. ದೊಡ್ಡಕ್ಕ ನಗಲಿಲ್ಲ. ಇಪ್ಪತ್ತಾರು ವರ್ಷ ಆಸ್ಪತ್ರೆಯ ಬಟ್ಟೆ ಒಗೆದವಳಿಗೆ ಸ್ಪಿರಿಟ್ಟಿನ ವಾಸನೆ ಗೊತ್ತಾಗಲಿಲ್ಲ! ತನ್ನ ಮೂಗನ್ನೇ ಕಿತ್ತು ಬಿಸಾಡಬೇಕು ಅನ್ನಿಸಿತು. ಹಾಕಿಕೊಂಡಿದ್ದ ಏಪ್ರನ್ನಿನಲ್ಲೇ ಹೊರಟಳು. ಸೂಪರ್‌ವೈಸರ್ "ಎಲ್ಲಿಗೆ?" ಅಂದ. "ನಿಮ್ಮ ಬೆಡ್‌ಶೀಟು ಓಡಿಹೋಗಲ್ಲ," ಅಂದಳು.

ಲಂಬುವಿನ ಕೋಣೆ ಸೈಕಲ್ ಅಂಗಡಿಯ ಮೇಲೆ. ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದಳು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಅವನು ಮಂಚಕ್ಕೆ ಒರಗಿ ನೆಲದ ಮೇಲೆ ಕೂತಿದ್ದ. ಪಕ್ಕದಲ್ಲಿ ಬಾಟಲಿ, ಅರ್ಧ ಖಾಲಿ. ಅಂಗೈಗೆ ಕರವಸ್ತ್ರ ಸುತ್ತಿತ್ತು.

"ನಿನ್ನೆ ಕುಡಿದಿರಲಿಲ್ಲ ಅಕ್ಕಾ," ಅಂದ ಅವನು, ತಲೆ ಎತ್ತದೆ. "ಇವತ್ತು ಕುಡಿದೆ."

ದೊಡ್ಡಕ್ಕನಿಗೆ ಬೈಗುಳ ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು. ಮೊಣಕಾಲು ನೋವಿದ್ದರೂ ಅವನ ಪಕ್ಕ ನೆಲದ ಮೇಲೇ ಕೂತಳು.

"ನನ್ನದೇ ತಪ್ಪು ಕಣೋ. ಡ್ರೈವರ್ ಎಲ್ಲಾ ಹೇಳಿದ."

"ಬಾಟ್ಲಿ ಎತ್ತಿದ್ದು ನಾನು. ನೀವಲ್ಲ."

"ಅದೂ ನಿಜ. ಆದ್ರೆ ನಿನ್ನ ಮಾತು ಕೇಳದೇ ಇದ್ದದ್ದು ನಾನು. ಇಪ್ಪತ್ತು ವರ್ಷ ನನ್ನ ಗಂಡ ಮನೆಗೆ ಬಂದ ತಕ್ಷಣ ಬಾಯಿ ಮೂಸ್ತಿದ್ದೆ. ಒಂದು ದಿನಾನೂ ಮುಖ ನೋಡ್ಲಿಲ್ಲ. ಏನಾಗಿದೆ ನಿನಗೆ ಅಂತ ಒಂದು ಮಾತು ಕೇಳ್ಲಿಲ್ಲ. ಕೇಳಿದ್ರೆ ಬಿಡ್ತಿದ್ನೋ ಇಲ್ವೋ, ಆ ದೇವರಿಗೇ ಗೊತ್ತು. ನಾನಂತೂ ಕೇಳ್ಲಿಲ್ಲ."

ಲಂಬು ಈಗ ಅವಳ ಕಡೆ ನೋಡಿದ. ಕಣ್ಣು ಕೆಂಪಗಿದ್ದವು.

"ಏನಾಗಿದೆ ನಿನಗೆ? ಹೇಳು."

"ಭಯ ಆಗಿದೆ ಅಕ್ಕಾ. ಇದು ಮುಗಿದ ಮೇಲೆ ಇನ್ನೊಂದು ತರ್ತೀನಿ, ನನಗೆ ಗೊತ್ತು. ತೊಂಬತ್ಮೂರು ದಿನ ನೀರಲ್ಲಿ ಹೋಮ. ಇನ್ಯಾರಿಗೆ ಲೆಕ್ಕ ಒಪ್ಪಿಸಲಿ ನಾನು?"

"ನನಗೆ ಒಪ್ಪಿಸು. ನೀನು ಬರದಿದ್ರೆ ಇಡೀ ದಿನ ನನಗೆ ಮಾತಾಡೋರು ಯಾರೂ ಇಲ್ಲ. ಇದನ್ನ ಬಾಯಿಬಿಟ್ಟು ಹೇಳೋಕೆ ನನಗೆ ನಾಚಿಕೆ, ಆದ್ರೂ ಹೇಳ್ತಿದೀನಿ. ಈಗ ಆ ಕೇಂದ್ರಕ್ಕೆ ಫೋನ್ ಮಾಡು."

ಅವನು ಫೋನು ತೆಗೆದ. ಕರವಸ್ತ್ರ ಸುತ್ತಿದ ಕೈಯಲ್ಲಿ ನಂಬರು ಒತ್ತಲಾಗಲಿಲ್ಲ. ದೊಡ್ಡಕ್ಕ ಕಿತ್ತುಕೊಂಡು, ಅವನು ಹೇಳಿದ ಹಾಗೆ ಒಂದೊಂದೇ ಅಂಕಿ ಒತ್ತಿದಳು. ಅತ್ತ ಕಡೆ ಒಬ್ಬ ಹೆಂಗಸು ಎಲ್ಲ ಕೇಳಿಸಿಕೊಂಡಳು. ಗದರಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ.

"ಹೀಗಾಗುತ್ತೆ ಅಮ್ಮಾ. ಈಗಲೇ ಕರ್ಕೊಂಡು ಬನ್ನಿ. ಆದ್ರೆ ಜೊತೆಗೆ ಮನೆಯವರು ಯಾರಾದ್ರೂ ಇರಬೇಕು. ಅವರ ಹಳೇ ಫಾರಂ ನೋಡ್ತಿದೀನಿ, ಆ ಜಾಗದಲ್ಲಿ 'ಯಾರೂ ಇಲ್ಲ' ಅಂತ ಬರೆದಿದಾರೆ."

ದೊಡ್ಡಕ್ಕ ಲಂಬುವಿನ ಕಡೆ ನೋಡಿದಳು. ಅವನಿಗೂ ಕೇಳಿಸಿತ್ತು. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದ.

"ಅದನ್ನ ಹೊಡೆದುಹಾಕಿ," ಅಂದಳು ದೊಡ್ಡಕ್ಕ. "ಅಕ್ಕ ಇದಾಳೆ ಅಂತ ಬರ್ಕೊಳ್ಳಿ."

ಅಷ್ಟುದ್ದದ ಮನುಷ್ಯ ಮಂಡಿಯಲ್ಲಿ ಮುಖ ಹುದುಗಿಸಿ ಬಿಕ್ಕಿಬಿಕ್ಕಿ ಅತ್ತ. ಅವಳು ಅವನ ಬೆನ್ನ ಮೇಲೆ ಕೈಯಿಟ್ಟು, ಅರ್ಧ ಗಂಟೆಯಲ್ಲಿ ಇಬ್ಬರೂ ಅಲ್ಲಿರುತ್ತೇವೆ ಎಂದು ಫೋನಿನಲ್ಲಿ ಹೇಳಿದಳು.